ಹದಿನೈದು ಬೊಟ್ಟು

ಹಲಬರ್ಗಾದ ಭೀಮಬಾಯಿಯ ಹೊಲ, ದಫ್ತರದ ಪ್ರಕಾರ, ಗಡಿಕಲ್ಲಿನಿಂದ ಹದಿನಾರು ಸರಪಳಿ ಉದ್ದ. ಅವಳ ಬಾವಿ ಇದ್ದುದು ಕೊನೆಯ ಸರಪಳಿಯ ನಡುವೆ. ಫಸಲಿ ೧೩೨೫ನೆಯ ವರ್ಷದ ಮೋಜಣಿಯಲ್ಲಿ ಬೀದರಿನ ಮೋಜಣಿದಾರ ಅಬ್ದುಲ ಮಜೀದ ಅಳೆದಾಗ ಹದಿನಾರನೆಯ ಸರಪಳಿ ಬಾವಿಯ ಈಚೆಗೇ ಮುಗಿಯಿತು. ಆಚೆಯದೆಲ್ಲ ಸರಕಾರಿ ಗಾಯರಾಣ, ದನ ಮೇಯುವ ಬಯಲು.

"ಬಾವಿ ಸರಕಾರದ್ದಾಯ್ತು, ಭೀಮಬಾಯಿ," ಎಂದ ಪಟೇಲ ಹಾವಗೆಪ್ಪ. "ನೀರು ಕುಡೀಬೇಕಂದ್ರ ಇನ್ನ ನಿನ್ನ ಕುರಿಗೋಳಿಗೆ ಅರ್ಜಿ ಬರಿಯೂದು ಕಲಿಸು."

ಭೀಮಬಾಯಿ ನಗಲಿಲ್ಲ. ಗಂಡ ಅಗೆದ ಬಾವಿ. ಮಣ್ಣು ಹೊತ್ತವಳು ಅವಳು. ಕಲ್ಲು ಸರಿದಿರಲಿಲ್ಲ, ಬಾವಿ ನಡೆದಿರಲಿಲ್ಲ. ಉಳಿದದ್ದು ಸರಪಳಿ. ಆದರೆ ಆ ಸೀಮೆಯಲ್ಲಿ ಸರಕಾರದ ಸರಪಳಿಗೆ ಜನ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದರೇ ಹೊರತು ಅದನ್ನು ಪರೀಕ್ಷಿಸುತ್ತಿರಲಿಲ್ಲ.

ಹಿಂದಿನ ವರ್ಷ ಭಾಲ್ಕಿ ಸಂತೆಯಲ್ಲಿ ಮಾಸ್ತರ ಮನ್ಮಥಪ್ಪ ಕಟ್ಟೆ ಏರಿ ಹೇಳಿದ್ದರು: ಸರಪಳಿಗೆ ಹದಿನಾರು ತುಂಡು, ಪ್ರತಿ ತುಂಡಿಗೆ ಆಣೆ ಎಂದು ಹೆಸರು. ಕೇಳಿದವರು ನಕ್ಕು ಚದುರಿದ್ದರು. ಕಂಬಳಿ ಮಾರಲು ಕುಳಿತಿದ್ದ ಭೀಮಬಾಯಿ ಚದುರುವಂತಿರಲಿಲ್ಲ.

"ಸಾಹೇಬರ, ಸರಪಳಿಗೆ ಇನ್ನೊಮ್ಮೆ ಪೂಜಿ ಮಾಡ್ತೇನ್ರಿ."

ಮಜೀದ ಆಗಲೆಂದು ತಲೆಯಾಡಿಸಿದ. ಭೀಮಬಾಯಿ ತುಂಡಿಗೊಂದರಂತೆ ಕುಂಕುಮದ ಬೊಟ್ಟಿಡುತ್ತ ಹೋಗಿ ಕೊನೆಯಲ್ಲಿ ನಿಂತಳು.

"ಒಂದು ಸರಪಳಿಗೆ ಎಷ್ಟು ಆಣೇರಿ?"

"ಹದಿನಾರು."

"ಹಂಗಾದ್ರ ಬೊಟ್ಟು ಎಣಸ್ರಿ."

"ಏ! ಸಾಹೇಬರ ಪರೀಕ್ಷಾ ತಗೋತಿಯೇನ?" ಎಂದು ಹಾವಗೆಪ್ಪ ಗದರಿಸಿದ.

"ನನ್ನ ಕುರಿ ದಿನಾ ಎಣಸ್ತೇನಿ, ಗೌಡರ. ಕುರಿ ಏನೂ ಸಿಟ್ಟಾಗೂದಿಲ್ಲ."

ಮಜೀದ ಕುಳಿತು ಎಣಿಸಿದ. ಹದಿನೈದು. ಎರಡನೆಯ ಸಲವೂ ಹದಿನೈದು. ಸರಪಳಿಗೆ ಒಂದು ಆಣೆ ಕಡಿಮೆಯಾದರೆ ಹದಿನಾರು ಸರಪಳಿಗೆ ಕಡಿಮೆಯಾಗುವುದು ಒಂದು ಪೂರ್ಣ ಸರಪಳಿ.

"ಔರಾದದಾಗ ಸರಪಳಿ ಹರದಿತ್ತು," ಎಂದ ಮಜೀದ. "ಕಮ್ಮಾರ ಜೋಡ್ಸಿ ಕೊಟ್ಟ. ನಕ್ಷೆ ತೆಗಿಯೂದು ಕಲಿಸ್ಯಾರ, ನಕಲು ಬರಿಯೂದು ಕಲಿಸ್ಯಾರ. ಸರಪಳಿ ಎಣಸು ಅಂತ ಯಾರೂ ಹೇಳಿರಲಿಲ್ಲ ನೋಡವ್ವ."

ಔರಾದಿನಿಂದೀಚೆಗೆ ಅವನು ಅದೇ ಸರಪಳಿಯಿಂದ ಅಳೆದದ್ದು ನೂರಾ ಹನ್ನೆರಡು ಹೊಲ. ಅಂದಿನ ನಕ್ಷೆಯ ಮೇಲೆ ಅಡ್ಡಗೆರೆ ಎಳೆದು ರುಜು ಹಾಕಿದ.

ಮೂರನೆಯ ದಿನ ಭಾಲ್ಕಿಯಿಂದ ಪೂರ್ಣ ಸರಪಳಿ ಬಂತು. ಬಾವಿ ಹೊಲದೊಳಗೇ ಉಳಿಯಿತು, ಅರ್ಧ ಸರಪಳಿ ಒಳಗೆ. ಭೀಮಬಾಯಿ ಕುರಿಗಳಿಗೆ ನೀರು ಸೇದತೊಡಗಿದಳು.

ಮುಂದಿನ ಹೊಲ ಹಾವಗೆಪ್ಪನದು. ಮಜೀದ ಸರಪಳಿಯನ್ನು ಅವನ ಕೈಗೆ ಕೊಟ್ಟು ಕಾದು ನಿಂತ. ಹಾವಗೆಪ್ಪ ಸುತ್ತ ನೋಡಿ, ತುಟಿಯಾಡಿಸುತ್ತ ಎಣಿಸಿದ. ಕೈಮುಗಿದದ್ದು ಆಮೇಲೆ.