ಬಾಗಿಲು ಹಾಕಿದ ಚರ್ಚಿನ ಮೆಟ್ಟಿಲ ಮೇಲೆ ಬೊಮ್ಮಕ್ಕ

೨೦೨೧ರ ಏಪ್ರಿಲ್. ಕೊರೊನಾ ಎರಡನೇ ಸಲ ಬಂದಿತ್ತು. ಚಳ್ಳಕೆರೆಯ ಅಂಗಡಿಗಳು ಬೆಳಿಗ್ಗೆ ಹತ್ತಕ್ಕೇ ಬಾಗಿಲೆಳೆಯುತ್ತಿದ್ದವು. ಮೊಳಕಾಲ್ಮುರಿನಿಂದ ಹಳ್ಳಿಗಳ ಕಡೆ ಬರುವ ಬಸ್ಸು ನಿಂತಿತ್ತು. ದೇವಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ಪುಟ್ಟದೊಂದು ಚರ್ಚು ಇತ್ತು. ತಗಡಿನ ಮಾಡು, ಮೂರು ಮೆಟ್ಟಿಲು, ಇಪ್ಪತ್ತೆರಡು ಮನೆಯವರ ಸಭೆ. ಅದಕ್ಕೂ ಬೀಗ ಬಿತ್ತು.

ಆ ದಿನ ಚಳ್ಳಕೆರೆಯಿಂದ ಪಾಸ್ಟರ್ ಬಾಲರಾಜ್ ಅವರು ಪುಷ್ಪಲತಾಗೆ ಫೋನ್ ಮಾಡಿದರು. ಪುಷ್ಪಲತಾ ಮನೆಯಲ್ಲೇ ರವಿಕೆ ಹೊಲಿಯುವವಳು. ಸಭೆಯ ಹೆಂಗಸರ ಕೂಟಕ್ಕೆ ಮುಂದಾಳು.

"ಪುಷ್ಪಮ್ಮಾ, ಇನ್ನು ನಾನು ಬರೋಕಾಗಲ್ಲ. ಎಲ್ಲಾರ್ನೂ ಫೋನಿನಾಗೆ ಒಂದು ಗ್ರೂಪಿಗೆ ಸೇರ್ಸು. ಭಾನುವಾರ ಹತ್ತಕ್ಕೆ ಇಲ್ಲಿಂದಾನೇ ದೇವರ ವಾಕ್ಯ ಹೇಳ್ತೀನಿ. ನೀವು ನಿಮ್ಮ ನಿಮ್ಮ ಮನೆಯಾಗೆ ಕೂತು ಕೇಳಿ," ಎಂದರು.

ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಗಂಡ ರಾಜಣ್ಣ ನಕ್ಕುಬಿಟ್ಟ.

"ಫೋನಿನಾಗೆ ಆರಾಧನೆನಾ? ಅದೇನು ಕ್ರಿಕೆಟ್ ಮ್ಯಾಚೇನೇ? ಪ್ರಭುವಿನ ಭೋಜನದ ರೊಟ್ಟಿ, ದ್ರಾಕ್ಷಾರಸಾನೂ ಫೋನಿನಾಗೇ ಬಡಿಸ್ತಾರಾ?"

"ನಗಬ್ಯಾಡ್ರಿ. ಒಂದು ತಗಡಿನ ಕೆಳಗೆ ಅರವತ್ತು ಜನ ಬಾಯಿಬಿಟ್ಟು ಹಾಡಿದ್ರೆ ರೋಗ ಸುಮ್ನೆ ಇರುತ್ತಾ? ಉಸಿರಿನಾಗೇ ಹರಡುತ್ತಂತೆ. ಆಶಾ ಕಾರ್ಯಕರ್ತೆ ವನಜಾಕ್ಷಿ ಹೇಳಿಲ್ವಾ?"

"ದೇವರ ಮನೆಯಾಗೆ ರೋಗ ಬರುತ್ತೇನೇ?"

"ದೇವರ ಮನೆಗೆ ಬರೋರು ಮನುಷ್ಯರಲ್ವಾ?"

ರಾಜಣ್ಣ ಮುದ್ದೆ ಮುರಿದ.

ಪುಷ್ಪಲತಾ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮನೆ ಮನೆಗೆ ಹೋದಳು. ಅಂಗಳದಲ್ಲೇ ನಿಂತು ನಂಬರು ಬರೆದುಕೊಂಡಳು. ಕೊನೆಯ ಓಣಿಯ ಕೊನೆಯ ಗುಡಿಸಲು ಬೊಮ್ಮಕ್ಕನದು. ಎಪ್ಪತ್ತು ದಾಟಿದ ಹೆಂಗಸು. ಹುಣಸೆಹಣ್ಣು ಬಿಡಿಸುವ ಕೂಲಿ ಮಾಡಿ ಬದುಕುವವಳು. ಪ್ರತಿ ಶನಿವಾರ ಚರ್ಚಿನ ಕಸ ಗುಡಿಸುವುದು, ಭಾನುವಾರ ಗಂಟೆ ಹೊಡೆಯುವುದು ಅವಳ ಕೆಲಸ. ಯಾರೂ ಹೇಳಿ ಮಾಡಿಸಿದ್ದಲ್ಲ. ಮೂವತ್ತು ವರ್ಷದಿಂದ ಅವಳೇ ಮಾಡಿಕೊಂಡು ಬಂದಿದ್ದಳು.

"ನನ್ನ ಹತ್ರ ಫೋನೆಲ್ಲೈತಮ್ಮಾಯಿ?" ಎಂದಳು ಬೊಮ್ಮಕ್ಕ. ಆಂಧ್ರದ ಗಡಿಯಿಂದ ಬಂದವಳು, ಮಾತಿನಲ್ಲಿ ತೆಲುಗು ಸುಳಿಯುತ್ತಿತ್ತು.

"ನೀನು ಚಿಂತೆ ಮಾಡಬ್ಯಾಡ. ಭಾನುವಾರ ನಾನೇ ನನ್ನ ಫೋನ್ ತಗೊಂಡು ಬರ್ತೀನಿ. ಅಂಗಳದಾಗೆ ಕೂತು ಕೇಳ್ಸ್ತೀನಿ," ಎಂದಳು ಪುಷ್ಪಲತಾ.

ಹಾಗೆ ಹೇಳಿ ಬಂದಳು. ಹೋಗಲಿಲ್ಲ.

ಮೊದಲ ಭಾನುವಾರ ಗ್ರೂಪಿಗೆ ಸೇರಲು ಗೊತ್ತಾಗದೆ ಹತ್ತಾರು ಜನ ಅವಳಿಗೇ ಫೋನ್ ಮಾಡಿದರು. ಎರಡನೇ ಭಾನುವಾರ ಅವಳೇ ಹಾಡು ಎತ್ತಿಕೊಡಬೇಕಾಯಿತು. ಮೂರನೆಯದಕ್ಕೆ ಮನೆಗೆ ನೆಂಟರು. ಆಮೇಲೆ ನೆನಪೇ ಆಗಲಿಲ್ಲ. ನೆನಪಾದಾಗಲೂ ಒಳಗೊಳಗೆ ಏನೋ ತಡೆಯುತ್ತಿತ್ತು. ಅದೇನೆಂದು ಅವಳು ಯೋಚಿಸಲು ಹೋಗಲಿಲ್ಲ.

ಸಭೆ ಚೆನ್ನಾಗಿ ನಡೆಯುತ್ತಿತ್ತು. ಅರ್ಧ ಕನ್ನಡ, ಅರ್ಧ ತೆಲುಗು ಹಾಡು. ಒಬ್ಬರು ಮುಂದೆ, ಒಬ್ಬರು ಹಿಂದೆ ಹಾಡಿ ನಗೆಪಾಟಲಾಗುತ್ತಿತ್ತು. ಆದರೂ ಕೊನೆಗೆ ಎಲ್ಲರೂ ಒಬ್ಬೊಬ್ಬರಾಗಿ "ವಂದನೆ, ವಂದನೆ" ಎನ್ನುವಾಗ ಕಣ್ಣು ತುಂಬುತ್ತಿತ್ತು. ರಾಜಣ್ಣನೂ ದೂರದಲ್ಲಿ ಕೂತು ಕಿವಿಗೊಡತೊಡಗಿದ. ಒಂದು ಭಾನುವಾರ ಪಾಸ್ಟರು, "ನಮ್ಮ ಪುಷ್ಪಮ್ಮನಿಂದ ಈ ಸಭೆಯಾಗೆ ಒಬ್ರೂ ತಪ್ಪಿಹೋಗಿಲ್ಲ," ಎಂದು ಎಲ್ಲರ ಮುಂದೆ ಹೇಳಿದರು. ಪುಷ್ಪಲತಾ ಸೆರಗು ಸರಿಮಾಡಿಕೊಂಡು ಹಿಗ್ಗಿದಳು.

ಜೂನ್ ಮೊದಲ ವಾರ. ಶೇಂಗಾ ಬಿತ್ತನೆಗೆ ಜನ ಮುಗಿಲು ನೋಡುತ್ತಿದ್ದರು. ಆಶಾ ಕಾರ್ಯಕರ್ತೆ ವನಜಾಕ್ಷಿ ಅಂಗಳಕ್ಕೆ ಬಂದು ನಿಂತಳು. ಅದೇ ಊರಿನ ಕುರಿ ಸಾಕುವವರ ಮನೆಯ ಸೊಸೆ, ಪುಷ್ಪಲತಾಳ ಓರಗೆಯವಳು.

"ಪುಷ್ಪಾ, ಲಸಿಕೆಗೆ ಬೊಮ್ಮಕ್ಕ ಬರಲೇ ಇಲ್ವಲ್ಲ? ನಿಮ್ಮೋರಿಗೆಲ್ಲ ಹೇಳು ಅಂದಿದ್ದೆ."

"ಹೇಳಿದ್ನಲ್ಲ! ಗ್ರೂಪಿಗೆ ಹಾಕಿದ್ದೆ. ಎರಡು ಸಲ ಹಾಕಿದ್ದೆ."

"ಬೊಮ್ಮಕ್ಕನ ಹತ್ರ ಗ್ರೂಪು ಎಲ್ಲೈತೆ?"

ವನಜಾಕ್ಷಿ ದನಿ ತಗ್ಗಿಸಿದಳು.

"ಇನ್ನೊಂದು ಮಾತು. ನಿಂಗೆ ಗೊತ್ತೈತೆ ಅಂದ್ಕೊಂಡಿದ್ದೆ. ನಮ್ಮ ಮಾವ ಗಾದ್ರಪ್ಪ ಕುರಿ ಹೊಡ್ಕೊಂಡು ನಿಮ್ಮ ಚರ್ಚಿನ ಮುಂದೇನೇ ಹೋಗೋದು. ಭಾನುವಾರ ಭಾನುವಾರ ಬೊಮ್ಮಕ್ಕ ಮೆಟ್ಟಿಲು ಗುಡಿಸಿ, ಬೀಗ ಹಾಕಿದ ಬಾಗಿಲ ಮುಂದೆ ಒಬ್ಳೇ ಕೂತಿರ್ತಾಳಂತೆ. ಬಿಸಿಲು ಏರೋವರೆಗೂ. ಒಂದಿನ ಅವನೇ ನೀರು ಕೊಟ್ಟು, 'ಯಾಕವ್ವ ಕೂತಿದ್ದೀಯಾ' ಅಂದ್ರೆ, 'ನಮ್ಮೋರು ಬರ್ತಾರೆ' ಅಂದ್ಳಂತೆ. ಐದು ಭಾನುವಾರ ನೋಡ್ಯಾನೆ. ಈ ಭಾನುವಾರ ಬಂದಿಲ್ಲ. ಅದಕ್ಕೇ ಅವನೇ ನನ್ನ ಕಳ್ಸಿದ್ದು, ನೋಡ್ಕೊಂಡು ಬಾ ಅಂತ."

ಪುಷ್ಪಲತಾಳ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಇಬ್ಬರೂ ಎರಡೆರಡು ಮಾಸ್ಕ್ ಕಟ್ಟಿಕೊಂಡು ಕೊನೆಯ ಓಣಿಗೆ ನಡೆದರು. ದಾರಿಯುದ್ದಕ್ಕೂ ಪುಷ್ಪಲತಾಗೆ ತಲೆ ಎತ್ತಲಾಗಲಿಲ್ಲ. ಕುರಿ ಕಾಯುವ ಬೇರೆ ಮತದ ಗಾದ್ರಪ್ಪನಿಗೆ ಕಂಡದ್ದು, ಬೊಮ್ಮಕ್ಕನನ್ನು ವರ್ಷಗಟ್ಟಲೆ 'ಸಹೋದರಿ' ಎಂದು ಕರೆದ ತನಗೆ ಕಾಣಲಿಲ್ಲ.

ಬೊಮ್ಮಕ್ಕ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ವನಜಾಕ್ಷಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು.

"ಎಂಬತ್ತಾರು! ಆಕ್ಸಿಜನ್ ತೊಂಬತ್ನಾಲ್ಕಕ್ಕಿಂತ ಕೆಳಗೆ ಇಳೀಬಾರ್ದು. ಬೊಮ್ಮಕ್ಕಾ, ಎಷ್ಟು ದಿನ ಆತು ಜ್ವರ ಬಂದು?"

"ನಾಲ್ಕು... ಐದು."

"ಯಾರಿಗೂ ಹೇಳಲಿಲ್ವಾ?"

"ಯಾರಿಗೆ ಹೇಳ್ಲಿ?"

ವನಜಾಕ್ಷಿ ಹೊರಗೆ ಹೋಗಿ ನೂರೆಂಟಕ್ಕೆ ಫೋನ್ ಮಾಡತೊಡಗಿದಳು. ಪುಷ್ಪಲತಾ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಬೊಮ್ಮಕ್ಕಾ, ನಾನು ಪುಷ್ಪಾ."

ಮುದುಕಿ ನಿಧಾನ ಕಣ್ಣು ತೆರೆದಳು. ಉಸಿರು ಎಳೆದೆಳೆದು ಮಾತಾಡಿದಳು.

"ನನ್ನನ್ನ ಸಭೆಯಿಂದ ತೆಗೆದ್ರೇನೋ ಅಂದ್ಕೊಂಡೆ, ಅಮ್ಮಾಯಿ."

"ಅಯ್ಯೋ! ಯಾಕೆ ಹಂಗೆ ಅಂದ್ಕೊಂಡೆ?"

"ಬೀಗ ಹಾಕೋಕೆ ಮುಂಚೆ, ಚರ್ಚಿನಾಗೆ ಕಡೇ ಭಾನುವಾರ ಕೆಮ್ಮಿದ್ನಲ್ಲ... ಹಿಂದಿನ ದಿನ ಕಸ ಗುಡಿಸಿದ ಧೂಳು ಗಂಟಲಿಗೆ ಹೋಗಿತ್ತು. ನೀನು ತಿರುಗಿ ನೋಡ್ದೆ. ಚಾಪೆ ಅತ್ಲಾಗೆ ಎಳ್ಕೊಂಡೆ. ಅದಕ್ಕೇ ನೀನು ಬರ್ಲಿಲ್ಲ ಅಂದ್ಕೊಂಡೆ."

ಸುಳ್ಳಲ್ಲ ಅದು. ಪುಷ್ಪಲತಾ ತಿರುಗಿ ನೋಡಿದ್ದಳು. ಚಾಪೆ ಎಳೆದುಕೊಂಡಿದ್ದಳು. ದೂರ ಕೂತದ್ದು ತಪ್ಪಲ್ಲ, ಆದರೆ ಆ ನೋಟ? ಹೇಸಿಗೆ ಕಂಡವರ ನೋಟ ಅದು. ಆರು ವಾರ ಅವಳನ್ನು ಒಳಗೊಳಗೆ ತಡೆದದ್ದು ಕೆಲಸವಲ್ಲ, ನೆಂಟರೂ ಅಲ್ಲ, ಆ ಕೆಮ್ಮಿನ ಹೆದರಿಕೆ. ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದ್ದರೆ ವನಜಾಕ್ಷಿಯೇ ಒಂದು ದಾರಿ ತೋರಿಸುತ್ತಿದ್ದಳು. ಮಾತು ಕೊಟ್ಟು, ಮರೆತವಳಂತೆ ನಟಿಸಿದ್ದಳು. ಅವಳಿಗೆ ಕೂತ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಆಂಬುಲೆನ್ಸ್ ಬಂತು. ಬೊಮ್ಮಕ್ಕನನ್ನು ಮೊಳಕಾಲ್ಮುರಿನ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ಆಕ್ಸಿಜನ್ ಹಚ್ಚಿದರು. ಪುಷ್ಪಲತಾ ಪರೀಕ್ಷೆ ಮಾಡಿಸಿಕೊಂಡು ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಳಿದಳು. ಬಾಗಿಲಾಚೆಯಿಂದ ರಾಜಣ್ಣ ಊಟದ ತಟ್ಟೆ ಇಡುತ್ತಿದ್ದ.

"ನಿಂದೊಂದೇ ತಪ್ಪಾ? ಊರಿಗೆ ಊರೇ ಮರ್ತೈತೆ. ಹೋಗ್ಲಿ ಬಿಡೇ," ಎಂದ ಅವನು ಎರಡನೇ ದಿನ.

"ಊರು ಮರ್ತಿರಬಹುದು. ಬರ್ತೀನಿ ಅಂತ ಹೇಳಿದ್ದು ನಾನಲ್ವಾ?"

ಭಾನುವಾರ ಹತ್ತಕ್ಕೆ ಸಭೆ ಶುರುವಾಯಿತು. ಪಾಸ್ಟರು, "ಪುಷ್ಪಮ್ಮಾ, ಹಾಡು ಎತ್ತಿಕೊಡಮ್ಮ," ಎಂದರು.

"ಅಯ್ಯನೋರೇ, ಹಾಡೋಕಾಗಲ್ಲ. ಒಂದು ಮಾತು ಹೇಳ್ಬೇಕು." ಪುಷ್ಪಲತಾ ಫೋನನ್ನು ಬಾಯಿಯ ಹತ್ತಿರ ತಂದಳು. "ಈ ಸಭೆಯಾಗೆ ಒಬ್ರೂ ತಪ್ಪಿಹೋಗಿಲ್ಲ ಅಂದ್ರಲ್ಲ, ಅದು ಸುಳ್ಳು. ನಾವು ಇಲ್ಲಿ ಹಾಡ್ಕೊಂಡು ಕೂತಿದ್ರೆ ಬೊಮ್ಮಕ್ಕ ಬೀಗ ಹಾಕಿದ ಬಾಗಿಲ ಮುಂದೆ ಕೂತಿದ್ಳು. ಕರ್ಕೊಳ್ತೀನಿ ಅಂತ ಮಾತು ಕೊಟ್ಟೋಳು ನಾನು. ಅವಳು ಕೆಮ್ಮಿದ್ಳು ಅಂತ ಹೆದರಿ ಹೋಗಲಿಲ್ಲ. ನೀವು ಹೊಗಳಿದಾಗ ಸುಮ್ನೆ ಹೊಗಳಿಸ್ಕೊಂಡೆ. ನಂಗೆ ನಾಚಿಕೆ ಆಗ್ತೈತೆ."

ಫೋನಿನಲ್ಲಿ ಪಾಸ್ಟರ ದನಿ ಬಂತು. "ನಾನೂ ಕೇಳ್ಲಿಲ್ವಲ್ಲ, ಪುಷ್ಪಮ್ಮ. ಮೂವತ್ತು ವರ್ಷ ಗಂಟೆ ಹೊಡೆದೋಳು ಎಲ್ಲಿ ಅಂತ ನಾನೂ ಕೇಳ್ಲಿಲ್ಲ."

ಆಗ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬಳ ಅತ್ತೆಗೆ ಫೋನು ಹಿಡಿಯಲು ಬರುವುದಿಲ್ಲ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇರಲಿಲ್ಲ. ಇನ್ನೊಂದು ಮನೆಯ ಚಿಕ್ಕಪ್ಪನ ಫೋನು ಬರೀ ಮಾತಾಡುವ ಗುಂಡಿ ಫೋನು. ಕಣ್ಣು ಕಾಣದವರು, ಕರೆನ್ಸಿ ಹಾಕಿಸದವರು, ಎಲ್ಲ ಸೇರಿ ಒಂಬತ್ತು ಜನ. ಆರು ವಾರದಿಂದ ಯಾರೂ ಅವರನ್ನು ಸಭೆಗೆ ಕೂಡಿಸಿಕೊಂಡಿರಲಿಲ್ಲ.

ಮಾರನೆಯ ದಿನ ವನಜಾಕ್ಷಿ ಕಿಟಕಿಯಾಚೆ ನಿಂತು ಪುಷ್ಪಲತಾಳ ಜೊತೆ ಮಾತಾಡಿದಳು.

"ನೋಡು, ದೂರ ಇರೋದು ಬೇರೆ, ದೂರ ಮಾಡೋದು ಬೇರೆ. ನಾನು ಮೊದಲನೇದು ಹೇಳಿದ್ದು, ನೀವು ಎರಡೂ ಮಾಡಿದ್ರಿ."

"ಮತ್ತೆ ಹೆಂಗೆ ಮಾಡೋದು? ಮನೆಗೆ ಹೋದ್ರೆ ರೋಗ, ಹೋಗದಿದ್ರೆ ಹಿಂಗೆ."

"ಮನೆ ಒಳಗೆ ಹೋಗಬ್ಯಾಡ್ರಿ. ಗಾಳಿ ಆಡೋ ಅಂಗಳದಾಗೆ ಆರಡಿ ದೂರ ಕೂತ್ಕಳ್ರಿ. ಇಬ್ರೂ ಮಾಸ್ಕ್ ಹಾಕ್ರಿ, ಫೋನಿನ ಸೌಂಡ್ ಜೋರು ಮಾಡ್ರಿ. ಗುಂಡಿ ಫೋನ್ ಇರೋರಿಗೆ ಬರೀ ಕರೆ ಮಾಡಿ ಕೇಳ್ಸಿ. ಒಬ್ರನ್ನ ನೋಡ್ಕೊಳ್ಳೋಕೆ ಒಬ್ರನ್ನೇ ಗೊತ್ತುಮಾಡ್ರಿ. ದಿನಾ ಒಂದು ಸಲ 'ಜ್ವರ ಐತಾ, ಉಂಡ್ಯಾ' ಅಂತ ಕೇಳಿ. ಜ್ವರ ಐತೆ ಅಂದ್ರೆ ಮುಚ್ಚಿಡಬ್ಯಾಡ್ರಿ, ಅವತ್ತೇ ನಂಗೆ ಹೇಳಿ."

ಹಾಗೇ ಮಾಡಿದರು. ಒಂಬತ್ತು ಜನರಿಗೆ ಒಂಬತ್ತು ಮನೆಯವರನ್ನು ಗೊತ್ತುಮಾಡಿದರು. ಫೋನಿನ ಆರಾಧನೆ ನೋಡಿ ನಕ್ಕಿದ್ದ ರಾಜಣ್ಣ ಕಣ್ಣು ಕಾಣದ ಮುದುಕನೊಬ್ಬನ ಅಂಗಳಕ್ಕೆ ಹೋಗಿ ಆರಡಿ ದೂರದ ಕಲ್ಲಿನ ಮೇಲೆ ಕೂತು, ಪಾಸ್ಟರು ಹೇಳಿದ್ದು ಕೇಳಿಸದಿದ್ದಾಗ ತಾನೇ ಗಟ್ಟಿಯಾಗಿ ಹೇಳಿಕೊಟ್ಟ. ಮರುವಾರ ಇನ್ನೊಂದು ಮನೆಯಲ್ಲಿ ಜ್ವರ ಬಂದಾಗ ಅದೇ ದಿನ ವನಜಾಕ್ಷಿಗೆ ಸುದ್ದಿ ಮುಟ್ಟಿತು. ಮನೆಯಲ್ಲೇ ಗುಣವಾಯಿತು.

ಹನ್ನೊಂದು ದಿನಕ್ಕೆ ಬೊಮ್ಮಕ್ಕ ಮನೆಗೆ ಬಂದಳು. ಬಡಕಲಾಗಿದ್ದಳು. ಹತ್ತು ಹೆಜ್ಜೆ ನಡೆದರೆ ಮೇಲುಸಿರು. ಪುಷ್ಪಲತಾಳ ಪರೀಕ್ಷೆಯಲ್ಲಿ ರೋಗ ಇಲ್ಲವೆಂದು ಬಂದಿತ್ತು, ಒಂಟಿಯಾಗಿರುವ ದಿನಗಳೂ ಮುಗಿದಿದ್ದವು. ಭಾನುವಾರ ಫೋನು ಹಿಡಿದು ಬೊಮ್ಮಕ್ಕನ ಅಂಗಳಕ್ಕೆ ಹೋದಳು. ಬೇಲಿಯ ಹತ್ತಿರವೇ ನಿಂತಳು. ಒಳಗೆ ಹೋಗಲು ಮುಖವಿರಲಿಲ್ಲ.

"ಬೊಮ್ಮಕ್ಕಾ, ತಪ್ಪಾತು. ಕೆಮ್ಮಿಗೆ ಹೆದರಿ ನಿನ್ನ ಬಿಟ್ಟೆ."

ಬೊಮ್ಮಕ್ಕ 'ಹೋಗ್ಲಿ ಬಿಡು' ಎನ್ನಲಿಲ್ಲ.

"ಆಸ್ಪತ್ರೆಯಾಗೆ ಪಕ್ಕದ ಮಂಚದೋಳು ಸತ್ತೋದ್ಳು," ಎಂದಳು. "ಅವಳ ಹೆಸ್ರು ಹಿಡಿದು ಕೂಗೋಕೂ ಅಲ್ಲಿ ಯಾರೂ ಇರ್ಲಿಲ್ಲ. ನಾನೂ ಹಂಗೇ ಹೋಗ್ತೀನಿ ಅಂದ್ಕೊಂಡಿದ್ದೆ."

ಪುಷ್ಪಲತಾ ತಲೆ ತಗ್ಗಿಸಿ ನಿಂತೇ ಇದ್ದಳು.

"ನಿಂತೇ ಇರ್ತೀಯಾ? ದೂರಾನೇ ಕೂತ್ಕೋ. ಆದ್ರೆ ಕೂತ್ಕೋ," ಎಂದಳು ಮುದುಕಿ.

ಪುಷ್ಪಲತಾ ನೆಲದ ಮೇಲೆ ಕೂತಳು. ಪಾಸ್ಟರು ಮಾತು ಶುರುಮಾಡುವ ಮೊದಲು ಬೊಮ್ಮಕ್ಕ ಕೇಳಿದಳು, "ಏಮ್ಮಾ, ಆ ಲಸಿಕೆ ಸೂಜಿ ಹಾಕಿಸ್ಕೊಂಡ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗಲ್ವಾ?"

"ಅದನ್ನ ಕಂಡುಹಿಡಿದ ವೈದ್ಯರಿಗೆ ಬುದ್ಧಿ ಕೊಟ್ಟೋನೂ ಅವನೇ ಅಲ್ವಾ ಬೊಮ್ಮಕ್ಕ? ನೀನು ಈಗ ತಾನೇ ಎದ್ದಿದ್ದೀಯಾ. ಮೂರು ತಿಂಗಳು ಕಳೀಲಿ ಅಂದಾಳೆ ವನಜಾಕ್ಷಿ. ಅವತ್ತು ನಾನೇ ಕರ್ಕೊಂಡು ಹೋಗ್ತೀನಿ."

ಸೆಪ್ಟೆಂಬರಿನಲ್ಲಿ ಕರೆದುಕೊಂಡು ಹೋದಳು. ಬೊಮ್ಮಕ್ಕ ಲಸಿಕೆ ಹಾಕಿಸಿಕೊಂಡಳು. ಚರ್ಚಿನ ಬೀಗ ತೆಗೆದ ಮೇಲೂ ಪುಷ್ಪಲತಾ ಅವಳ ಓಣಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಯಾರಾದರೂ "ನೀನು ಎಷ್ಟು ಒಳ್ಳೇದು ಮಾಡ್ದೆ ಪುಷ್ಪಾ" ಎಂದರೆ ಇವತ್ತಿಗೂ ಅವಳ ಮುಖ ಬಾಡುತ್ತದೆ.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ. ಇನ್ನೊಂದು ಸಲ ಅಂಥ ರೋಗ ಬರದಿರಲಿ. ಬಂದರೆ ಗುಂಪು ಸೇರಬೇಡಿ, ಮಾಸ್ಕ್ ಹಾಕಿಕೊಳ್ಳಿ, ಜ್ವರ ಮುಚ್ಚಿಡಬೇಡಿ, ಲಸಿಕೆ ತಪ್ಪಿಸಬೇಡಿ. ನಿಮ್ಮದು ಚರ್ಚಿರಲಿ, ಗುಡಿಯಿರಲಿ, ಮಸೀದಿಯಿರಲಿ, ಸ್ವಸಹಾಯ ಸಂಘವಿರಲಿ, ಫೋನಿನಲ್ಲಿ ಕೂಡಿದವರನ್ನು ಎಣಿಸಿ ಸುಮ್ಮನಾಗಬೇಡಿ. ಕೂಡದವರು ಯಾರೆಂದು ಕೇಳಿ. ರೋಗ ಬರುವವರೆಗೆ ಕಾಯಲೂ ಬೇಡಿ. ಇದನ್ನು ಕೇಳುವಾಗ ನಿಮ್ಮ ಓಣಿಯ ಒಬ್ಬರ ಹೆಸರು ಮನಸ್ಸಿಗೆ ಬಂದಿರಬೇಕು. ಇವತ್ತೇ ಅವರ ಅಂಗಳಕ್ಕೆ ಹೋಗಿ, ಹೆಸರು ಹಿಡಿದು ಕೂಗಿ.