ಪಂಪಾವತಿ ಆರಿಸಿದ ಮದ್ದು

“ಆಕಿನ್ನ ಏನ್ ಕೇಳ್ತೀರಿ ಮೇಡಂ, ಯಾವ ಮದ್ದು ಛಲೋ ಐತೋ ಅದನ್ನ ನೀವ ಹಾಕಿಬಿಡ್ರಿ,” ಎಂದ ಹುಲಿಗೇಶ್ ಡಾಕ್ಟರಿಗೆ.

ಪಂಪಾವತಿ ಗಂಡನ ತೋಳು ಮುಟ್ಟಿ ಸುಮ್ಮನಿರಿಸಿದಳು. ಹಂಪಿಯಲ್ಲಿ ಗೈಡ್ ಆಗಿ, ಊರೂರಿನ ಜನರ ಪ್ರಶ್ನೆಗಳಿಗೆ ಉತ್ತರ ಹೇಳಿ ಪಳಗಿದ ಬಾಯಿ ಅವಳದು. ಈಗ ಒಂದು ವಾಕ್ಯ ಮುಗಿಯುವಷ್ಟರಲ್ಲಿ ಉಸಿರು ತುಂಡಾಗುತ್ತಿತ್ತು. “ತಡೀರಿ,” ಎಂದಳು. “ಎರಡೂ ಮದ್ದಿಂದು ಕೇಳೋಣ.”

ತಿಂಗಳಿಗೊಮ್ಮೆ ಹೊಸಪೇಟೆಗೆ ಬರುವ ಕ್ಯಾನ್ಸರ್ ಡಾಕ್ಟರ್ ಸುಷ್ಮಿತಾ ರೋಗದ ಬೇರನ್ನು ಆಗಲೇ ಪತ್ತೆಮಾಡಿದ್ದರು. ಪಂಪಾವತಿಯ ಅಪ್ಪ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಪೈಪುಗಳಿಗೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ, ಪಟ್ಟಿ ಸುತ್ತುತ್ತಿದ್ದ. ತಾಯಿಯಿಲ್ಲದ ಮನೆಯಲ್ಲಿ ಅವನ ಅಂಗಿಯ ಬಿಳಿ ಧೂಳು ಕೊಡವಿ ಒಗೆಯುತ್ತಿದ್ದವಳು ಹಿರಿಮಗಳು ಪಂಪಾವತಿ. ಆ ಧೂಳು ನಲವತ್ತು ವರ್ಷ ಎದೆಯೊಳಗೆ ಅಡಗಿದ್ದು, ಈಗ ಶ್ವಾಸಕೋಶದ ಹೊದಿಕೆಯಲ್ಲಿ ಗಡ್ಡೆಯಾಗಿ, ಎದೆಯಲ್ಲಿ ನೀರು ತುಂಬಿಸಿತ್ತು. ಆಪರೇಶನ್‌ಗೆ ದಾರಿ ಇರಲಿಲ್ಲ.

“ಕೀಮೋ ಗಡ್ಡೆಯ ಜೀವಕೋಶಗಳನ್ನ ನೇರವಾಗಿ ಕೊಲ್ಲುತ್ತೆ,” ಎಂದರು ಡಾಕ್ಟರು. “ಇಮ್ಯುನೋಥೆರಪಿ ನಿಮ್ಮ ಮೈಯಲ್ಲಿರೋ ರೋಗ ತಡೆಯೋ ಶಕ್ತಿಯನ್ನೇ ಎಬ್ಬಿಸಿ ಗಡ್ಡೆ ಮೇಲೆ ಬಿಡುತ್ತೆ. ನಿಮಗಿರೋ ಬಗೆಯ ಗಡ್ಡೆ ಕೀಮೋಗೆ ಅಷ್ಟಾಗಿ ಬಗ್ಗಲ್ಲ. ಇಮ್ಯುನೋಥೆರಪಿಗೆ ಬಗ್ಗೋ ಸಾಧ್ಯತೆ ಹೆಚ್ಚು.”

“ಪೂರಾ ಹೋಗ್ತದೇನ್ರಿ?”

“ಮಾತು ಕೊಡಲಾರೆ. ಕೆಲವರಿಗೆ ವರ್ಷಗಟ್ಟಲೆ ಹಿಡಿದಿಡುತ್ತೆ, ಕೆಲವರಿಗೆ ಏನೂ ಆಗಲ್ಲ.”

“ತ್ರಾಸು?”

“ಕೀಮೋದಲ್ಲಿ ವಾಂತಿ, ಸುಸ್ತು. ಇದರಲ್ಲಿ ಎದ್ದ ಶಕ್ತಿ ಒಮ್ಮೊಮ್ಮೆ ನಿಮ್ಮ ಕರುಳು, ಚರ್ಮದ ಮೇಲೇ ಬೀಳಬಹುದು. ಭೇದಿ ಶುರುವಾದರೆ ಒಂದು ದಿನವೂ ಕಾಯಬೇಡಿ, ಫೋನ್ ಮಾಡಿ.”

ಹೊರಗೆ ಬಂದು, ಖಾಕಿ ಅಂಗಿ ತೊಟ್ಟು ತನ್ನ ಆಟೋ ಹತ್ತುವಾಗ ಹುಲಿಗೇಶ್ ತಡೆಯಲಾರದೆ ಹೇಳಿದ: “ನಮ್ಮಕ್ಕ ಕರೆಮ್ಮ ಕೀಮೋದಾಗ ಉಳಿದಾಳ. ಕಂಡದ್ದು ಬಿಟ್ಟು ಕಾಣದ್ದಕ್ಕ ಕೈ ಹಾಕೋದು ಬ್ಯಾಡ.”

“ನಿಮ್ಮಕ್ಕಂದು ಮೊಲಿ ಗಡ್ಡಿ, ಅದಕ್ಕ ಆ ಮದ್ದು. ನಂದು ಬ್ಯಾರೆ. ಮೈ ನಂದು, ನಾನ ಹೇಳ್ತೀನಿ. ಇಮ್ಯುನೋ.”

ಹುಲಿಗೇಶ್ ಕಮಲಾಪುರದವರೆಗೂ ರಸ್ತೆ ನೋಡುತ್ತಲೇ ಓಡಿಸಿದ.

ದುಬಾರಿ ಮದ್ದು ಒಂದು ಟ್ರಸ್ಟಿನಿಂದ ಸಿಕ್ಕಿತು. ಮೊದಲೆರಡು ಸಲ ಡ್ರಿಪ್ ಏರಿಸಿಕೊಂಡು ಮನೆಗೆ ಬಂದವಳು ರೊಟ್ಟಿ ತಟ್ಟಿದಳು. ಮೂರನೆಯ ಸಲದ ಮೇಲೆ ಭೇದಿ ಹಿಡಿಯಿತು. ‘ನಾ ಹೇಳಿದ್ದೆ’ ಎಂಬ ಮಾತು ಹುಲಿಗೇಶನ ನಾಲಿಗೆಯ ತುದಿಗೆ ಬಂದು ನಿಂತಿದ್ದು ಅವಳಿಗೆ ಕಂಡಿತು. ಅವನು ಅದನ್ನು ನುಂಗಿ, ಗಂಜಿ ಕಾಸಲು ಒಲೆ ಹಚ್ಚಿದ. ಅವಳು ಫೋನ್ ಎತ್ತಿಕೊಂಡಳು. ಅಂದೇ ಆಸ್ಪತ್ರೆ ಸೇರಿದಳು. ಸ್ಟೀರಾಯ್ಡ್ ಕೊಟ್ಟು ಕರುಳಿನ ಉರಿ ಇಳಿಸಿದರು. ವಾರಗಟ್ಟಲೆ ಬಿಟ್ಟು, ಎಚ್ಚರಿಕೆಯಿಂದ ಮತ್ತೆ ಮದ್ದು ಶುರುಮಾಡಿದರು.

ಚಳಿಗಾಲದ ಸ್ಕ್ಯಾನ್ ನೋಡಿದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. “ನೀರು ಇಲ್ಲವೇ ಇಲ್ಲ ಪಂಪಾವತಿ. ಗಡ್ಡೆ ಅರ್ಧಕ್ಕಿಂತ ಸಣ್ಣದಾಗಿದೆ.”

ಹುಲಿಗೇಶ್ ಕುರ್ಚಿಯಿಂದೆದ್ದವನು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತ. ಪಂಪಾವತಿ ಕೇಳಿದ್ದು ಒಂದೇ: “ಗುಡ್ಡ ಹತ್ತಬಹುದೇನ್ರಿ?”

“ನಿಧಾನಕ್ಕೆ. ಮೈ ಹೇಳಿದಂತೆ ಕೇಳಿ.”

ಮುಂದಿನ ಭಾನುವಾರ ಸಂಡೂರಿನಿಂದ ಕಾಲೇಜು ಹುಡುಗಿಯರ ಗುಂಪು ಬಂತು. ಪಂಪಾವತಿ ಅವರನ್ನು ಮಾತಂಗ ಗುಡ್ಡಕ್ಕೆ ಕರೆದೊಯ್ದಳು. ಅಲ್ಲಲ್ಲಿ ಬಂಡೆಗೆ ಒರಗಿ ನಿಂತಳು, ಹತ್ತಿದಳು. ತುದಿಯಲ್ಲಿ ಗಾಳಿಗೆ ಎದುರಾಗಿ ನಿಂತು ಹೊಳೆ, ಬಾಳೆತೋಟ, ಅಚ್ಯುತರಾಯನ ಗುಡಿ ಎಲ್ಲವನ್ನೂ ಒಂದೇ ಓಘದಲ್ಲಿ ಹೇಳಿದಳು. ಮಾತು ಎಲ್ಲೂ ತುಂಡಾಗಲಿಲ್ಲ. ಹುಡುಗಿಯೊಬ್ಬಳು, “ಅಕ್ಕಾ, ನಮಗ ತೇಕು ಹತ್ತೇತಿ, ನಿಮಗಿಲ್ಲಲ್ಲ,” ಎಂದಳು. ಪಂಪಾವತಿ ಗಟ್ಟಿಯಾಗಿ ನಕ್ಕಳು.

ಹುಡುಗಿಯರು ಫೋಟೊ ತೆಗೆಯಲು ಚದುರಿದರು. ಅವಳು ಗುಡ್ಡದ ತುದಿಯ ಗುಡಿಯ ನೆರಳಲ್ಲಿ ಕುಳಿತು ಬಾಳೆಹಣ್ಣು ಸುಲಿದಳು. ಕೆಳಗೆ ಬಂಡೆಗಳ ನಡುವೆ ಪರಿಚಿತ ಖಾಕಿ ಅಂಗಿಯೊಂದು, ಸೊಂಟಕ್ಕೆ ಕೈಕೊಟ್ಟು ನಿಂತು ನಿಂತು, ಮೇಲೆ ಬರುತ್ತಿತ್ತು. ಅವಳು ಹಣ್ಣನ್ನು ಎರಡು ಮಾಡಿ, ಒಂದು ತುಂಡನ್ನು ಪಕ್ಕದ ಕಲ್ಲಿನ ಮೇಲಿಟ್ಟಳು.