ಅಂಚಿನ ತೂತು

ಅಜ್ಜಿಯ ಕತೆಗಳಲ್ಲಿ ಪುಣೆಯ ರಾಕ್ಷಸನೊಬ್ಬನಿದ್ದ. ತಣ್ಣನೆಯ ಕೋಣೆಯಲ್ಲಿ ಕೂತು ತೂತು ಹೊಡೆದ ಕಾರ್ಡುಗಳನ್ನಷ್ಟೇ ತಿನ್ನುತ್ತಿದ್ದ. ಒಂದು ಹಿಂದುಮುಂದಾದರೂ ಎಲ್ಲವನ್ನೂ ಉಗುಳುತ್ತಿದ್ದ. ಅದು ಕಂಪ್ಯೂಟರ್ ಎಂದು ನನಗೆ ತಿಳಿದದ್ದು ಶಾಲೆಯ ಐದನೆಯ ಇಯತ್ತೆಯಲ್ಲಿ. ಈಗಲೂ ನನಗೆ ರಾಕ್ಷಸನೇ ಇಷ್ಟ.

ಅಜ್ಜಿ ಅಕ್ಕವ್ವ ಇಚಲಕರಂಜಿಯವಳು. ಅವಳಪ್ಪ ಜಕಾರ್ಡ್ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುತ್ತಿದ್ದ. ಸೀರೆಯ ಹೂವೆಲ್ಲ ಆ ತೂತುಗಳಲ್ಲೇ ಇರುತ್ತದೆ. ಕ್ರಮ ತಪ್ಪದಿರಲೆಂದು ರಟ್ಟುಗಳ ಅಂಚಿಗೂ ತೂತು ಹೊಡೆದು ದಾರದಿಂದ ಒಂದಕ್ಕೊಂದು ಹೊಲಿಯುತ್ತಾರೆ.

೧೯೭೪ರಲ್ಲಿ ಕೊಲ್ಹಾಪುರದ ಕಾಲೇಜೊಂದರಲ್ಲಿ ಅಜ್ಜಿಗೆ ಕಾರ್ಡು ಪಂಚ್ ಮಾಡುವ ಕೆಲಸ ಸಿಕ್ಕಿತು. ಮೂರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಇಲ್ಲದಿದ್ದರೆ ಮನೆಗೆ ಬಂದು ಮಗ್ಗದ ಕಾಂಡಿಗೆ ನೂಲು ಸುತ್ತು ಎಂದು ಅಪ್ಪ ಹೇಳಿಬಿಟ್ಟಿದ್ದ. ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಲೆಕ್ಕವನ್ನು ತೂತುಗಳಲ್ಲಿ ಬರೆದ ಕಾರ್ಡುಗಳ ಡಬ್ಬಿ ಬಸ್ಸಿನಲ್ಲಿ ಪುಣೆಗೆ ಹೋಗಿ, ಎಂಟು ದಿನಕ್ಕೆ ಉತ್ತರ ಬರುತ್ತಿತ್ತು.

ಎರಡನೆಯ ತಿಂಗಳು ಡಬ್ಬಿ ಬಸ್ಸಿನ ಟಾಪಿನಿಂದ ಬಿದ್ದು ಆರುನೂರು ಕಾರ್ಡು ಕಲಸಿಹೋದವು. ಗಣಿತದ ಭೀಮಗೊಂಡ ಸರ್ ಹನ್ನೊಂದು ದಿನ ನೆಲದ ಮೇಲೆ ಕೂತು ಜೋಡಿಸಿದರು. ಮುಂದಿನ ಸಲ ಅಜ್ಜಿ ಯಾರನ್ನೂ ಕೇಳದೆ ಪ್ರತಿ ಕಾರ್ಡಿನ ಬಲತುದಿಗೆ ಒಂದು ತೂತು ಹೆಚ್ಚು ಹೊಡೆದು, ಎಲ್ಲವನ್ನೂ ದಾರದಲ್ಲಿ ಪೋಣಿಸಿ ಕಳಿಸಿದಳು.

ಉತ್ತರದ ಲಕೋಟೆಯ ಮೇಲೆ ಪುಣೆಯವರ ಚೀಟಿಯಿತ್ತು: ಕಳಿಸಿದ್ದು ಲೆಕ್ಕವೋ, ಮಷೀನಿಗೆ ಹಾರವೋ?

“ಅಕ್ಕವ್ವಾ, ಕಂಪ್ಯೂಟರಿಗೆ ಸೀರಿ ನೇಯಾಕ ಹಚ್ಚಿಯೇನ?” ಸರ್ ಕೇಳಿದರು.

“ನಮ್ಮನ್ಯಾಗ ಹಿಂಗ ಮಾಡತೇವ್ರಿ. ಕಲಸಬಾರದಲ್ರಿ.”

“ಮಷೀನ್ ಆ ತೂತನ್ನೂ ಓದತೈತಿ. ಎಲ್ಲಾ ಕೆಟ್ಟಿರತೈತಿ. ನೀ ನಾಳಿಂದ ಬರಬ್ಯಾಡ.”

“ಹೋಗತೇನ್ರಿ. ಮೊದಲ ಲಕೋಟೆ ಒಡದರ ನೋಡ್ರಿ.”

ಸರ್ ಒಡೆದರು. ಪುಣೆಯವರು ಬೈಯುತ್ತಲೇ ದಾರ ಕತ್ತರಿಸಿ ಲೆಕ್ಕ ಓಡಿಸಿದ್ದರು. ಒಂದೂ ತಪ್ಪಿರಲಿಲ್ಲ. ಸರ್ ಮರಳಿ ಬಂದ ಡಬ್ಬಿಯಿಂದ ಒಂದು ಕಾರ್ಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬಲಗಡೆ ಅಂಚು ಮಷೀನ್ ಲೆಕ್ಕಕ್ಕ ಹಿಡಿಯೂದಿಲ್ಲ. ನಾನ ಮರತಿದ್ದೆ. ನಿನಗ ಯಾರ್ ಹೇಳಿದ್ರು?”

“ಯಾರೂ ಇಲ್ರಿ. ನಮ್ಮ ರಟ್ಟಿಗೂ ಅಂಚಿನ ತೂತಿನ್ಯಾಗ ಹೂ ಇರೂದಿಲ್ರಿ.”

ಸರ್ ಕುರ್ಚಿಗೆ ಒರಗಿದರು. “ನಾಳೆ ಬಾ. ಇನ್ನ ಮ್ಯಾಲೆ ಡಬ್ಬ್ಯಾಗ ಒಂದ್ ಕತ್ತರಿನೂ ಇಡವಾ. ಅವರ ಬೈಗಳಾದ್ರೂ ತಪ್ಪಲಿ.”

ಆ ಕತ್ತರಿ ನಾಲ್ಕು ವರ್ಷ ಪುಣೆಗೆ ಹೋಗಿ ಬಂತು. ಅಜ್ಜಿ ಮಾತ್ರ ರಾಕ್ಷಸನನ್ನು ಒಮ್ಮೆಯೂ ನೋಡಲಿಲ್ಲ. ಈಗ ಕತ್ತರಿ ಗಡಹಿಂಗ್ಲಜದ ನಮ್ಮ ಅಡುಗೆಮನೆಯ ಮೊಳೆಗೆ ದಾರದಲ್ಲಿ ತೂಗುತ್ತದೆ. ಹಾಲಿನ ಪಾಕೀಟು ಕತ್ತರಿಸಿ ಕತ್ತರಿಯನ್ನು ಎಲ್ಲಾದರೂ ಎಸೆದರೆ ಅಜ್ಜಿ ನನ್ನನ್ನು ಬಿಡುವುದಿಲ್ಲ.

“ಕಂಪ್ಯೂಟರ್ ನೋಡಿ ಬಂದದ್ದೈತಿ ಅದು. ಸೊಲ್ಪ ಮಾನಾ ಕೊಡವಾ.”